ಸೊನ್ನೆ ನಂಬರಿನ ಕೋಟು

ಬಟ್ಟೆಯನ್ನು ನೀರಿಗೆ ಹಾಕುವ ಮುಂಚೆ ಜೇಬು ನೋಡಬೇಕು. ಯಾವ ಲಾಂಡ್ರಿಯಲ್ಲಾದರೂ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಈ ಲಾಂಡ್ರಿಯಲ್ಲಿ ಇನ್ನೊಂದು ಪಾಠವೂ ಇತ್ತು. ಜೇಬಿನಲ್ಲಿ ಸಿಕ್ಕಿದ್ದನ್ನು ಕಂದು ಬಣ್ಣದ ಸಣ್ಣ ಕವರಿಗೆ ಹಾಕಿ, ಮೇಲೆ ಬಟ್ಟೆಯ ನಂಬರು ಬರೆದು, ಸ್ಟೇಪ್ಲರಿನಿಂದ ಒಂದು ಪಿನ್ನು ಹೊಡೆದು, ಇಸ್ತ್ರಿಯಾದ ಮೇಲೆ ಬಟ್ಟೆಗೇ ಸಿಕ್ಕಿಸಿ ಕೊಡಬೇಕು. ಅದರ ಬಗ್ಗೆ ತುಟಿ ಪಿಟಕ್ಕೆನ್ನಬಾರದು. "ಸಿಕ್ಕಿದ್ದನ್ನ ಕೊಡು, ಕೇಳಬೇಡ" ಎಂದು ಅಂಗಡಿ ಶುರುಮಾಡಿದ ತಾತ ಹೇಳಿ ಹೋಗಿದ್ದರು. ಅವರ ಮಗ, ಅಂದರೆ ಈ ಮನೆಯ ಅಪ್ಪ, ಮೂವತ್ತು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದ. ಪ್ರೇಮಪತ್ರ ಸಿಕ್ಕಿದೆ, ಆಸ್ಪತ್ರೆಯ ಚೀಟಿ ಸಿಕ್ಕಿದೆ, ಒಮ್ಮೆ ನಿವೃತ್ತ ಹೆಡ್ಮಾಸ್ಟರೊಬ್ಬರ ಹಲ್ಲಿನ ಸೆಟ್ಟೇ ಸಿಕ್ಕಿದೆ. ಹೆಡ್ಮಾಸ್ಟರು ಕೌಂಟರಿನಲ್ಲೇ ಕವರು ಬಿಚ್ಚಿ, ಹಲ್ಲು ಹಾಕಿಕೊಂಡು, ಆಮೇಲೆ "ಥ್ಯಾಂಕ್ಸ್" ಅಂದಿದ್ದರು. ಅಪ್ಪ ನಗಲಿಲ್ಲ. ಬೀದಿಯಲ್ಲಿ ಇನ್ನೆರಡು ಲಾಂಡ್ರಿಗಳಿದ್ದರೂ ಜನ ಇಲ್ಲಿಗೇ ಬರುತ್ತಿದ್ದದ್ದು ಇದಕ್ಕೇ.

ಮನೆಯವರ ಬಟ್ಟೆಗಳೂ ಅದೇ ಮಷೀನಿಗೆ ಬೀಳುತ್ತಿದ್ದವು. ಗಿರಾಕಿಗಳ ಬಟ್ಟೆಯ ಜೊತೆ ಕಲೆಸಿಹೋಗದಂತೆ ಅವಕ್ಕೂ ಒಂದು ಚೀಟಿ. ಅದರ ನಂಬರು ಸೊನ್ನೆ.

ಸೊನ್ನೆ ನಂಬರಿನ ಬೂದು ಕೋಟೊಂದರ ಜೇಬಿನಲ್ಲಿ ಒಂದು ದಿನ ಮಾತ್ರೆಯ ಸ್ಟ್ರಿಪ್ಪು ಸಿಕ್ಕಿತು. ಕೋಟು ಮಗಳದ್ದು. ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷದ ಆರ್ಕಿಟೆಕ್ಚರ್ ಓದುವ ಹುಡುಗಿ. ಸಣ್ಣವಳಿದ್ದಾಗ ಅಂಗಡಿಯ ನೆಲದ ಮೇಲೆ ಕೂತು, ಉದುರಿದ ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ತುಂಬುತ್ತಿದ್ದಳೆಂದು ಎಲ್ಲರ ಬಾಯಲ್ಲೂ ಅವಳು ಗುಂಡಿ. ಸ್ಟ್ರಿಪ್ಪಿನಲ್ಲಿ ಆರು ಮಾತ್ರೆ ಖಾಲಿ, ನಾಲ್ಕು ಉಳಿದಿದ್ದವು. ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದ. ಕವರಿಗೆ ಹಾಕಿ, ಸೊನ್ನೆ ಬರೆದು, ಪಿನ್ನು ಹೊಡೆದು, ಇಸ್ತ್ರಿಯಾದ ಕೋಟಿಗೆ ಸಿಕ್ಕಿಸಿ ಅವಳ ಕೋಣೆಯ ಬಾಗಿಲಿಗೆ ನೇತುಹಾಕಿದ. ಹತ್ತು ದಿನದ ಮೇಲೆ ಅದೇ ಕೋಟಿನಲ್ಲಿ ಖಾಲಿ ಕ್ವಾರ್ಟರ್ ಬಾಟಲಿ. ಮತ್ತೆ ಕವರು, ಮತ್ತೆ ಪಿನ್ನು. ಮೂರನೇ ಸಲ ಬೇರೆ ಬಣ್ಣದ ಮಾತ್ರೆ. ಯಾಕೆ ಹೀಗೆ ಮಾಡಿದೆ ಎಂದು ಆಮೇಲೆ ಎಲ್ಲರೂ ಕೇಳಿದರು. ಕೈ ರೂಢಿ ಅಂದ. ಅದು ಅರ್ಧ ಸತ್ಯ. ಅಪ್ಪನಿಗೆ ಹೆದರಿಕೆಯಾಗಿತ್ತು. ಕೇಳಿದರೆ ಅವಳು ಉತ್ತರ ಹೇಳಿಬಿಟ್ಟರೆ?

ಫೋನು ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಡ್ರಾಯಿಂಗ್ ಹಾಲ್‌ನಲ್ಲಿ ಗುಂಡಿ ಬಿದ್ದಿದ್ದಾಳೆ, ಎಬ್ಬಿಸಿದರೆ ಏಳುತ್ತಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ಯಾರೋ ಒಂದೇ ಉಸಿರಿಗೆ ಹೇಳಿ ಇಟ್ಟರು. ಅಪ್ಪ ಇಸ್ತ್ರಿಯ ಸ್ವಿಚ್ಚು ಆರಿಸಿದನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಒದ್ದಾಡಿದ. ಅಮ್ಮ ಅಂಚೆ ಕಚೇರಿಯ ಕೌಂಟರಿನಿಂದ ಎದ್ದವಳು ಬೆರಳಿಗೆ ಗೋಂದು ಅಂಟಿಸಿಕೊಂಡೇ ಓಡಿಬಂದಿದ್ದಳು. ಎಮರ್ಜೆನ್ಸಿ ವಾರ್ಡಿನ ಬಾಗಿಲಲ್ಲಿ ಇಬ್ಬರೂ ಸಿಕ್ಕರು.

"ಏನು ತಗೊಂಡಿದಾರೆ? ಬೇಗ ಹೇಳಿ" ಎಂದ ಡಾಕ್ಟರು.

"ಬೆಳಿಗ್ಗೆ ಎರಡು ಬ್ರೆಡ್ಡು, ಒಂದು ಮೊಟ್ಟೆ" ಎಂದಳು ಅಮ್ಮ. "ಮೊಟ್ಟೆ ಅರ್ಧ ಬಿಟ್ಟಿದ್ಲು."

"ಅಮ್ಮಾ, ನಾನು ಮಾತ್ರೆ ಕೇಳ್ತಿದೀನಿ. ಕುಡಿದಿರೋ ವಾಸನೆ ಇದೆ. ಅದರ ಜೊತೆ ಇನ್ನೇನೋ ನುಂಗಿದಾರೆ."

"ಕುಡಿದಿರೋದಾ? ನೀವು ಬೇರೆ ಯಾರನ್ನೋ ನೋಡಿದೀರಾ ಡಾಕ್ಟ್ರೇ. ನಮ್ಮ ಹುಡುಗಿ ಅಂಥವಳಲ್ಲ."

ಹಿಂದಿನಿಂದ ಅಪ್ಪನ ದನಿ ಬಂತು. "ಬಿಳಿ ಮಾತ್ರೆ. ಉದ್ದಕ್ಕಿದೆ, ನಡುವೆ ಒಂದು ಗೀರು. ಸ್ಟ್ರಿಪ್ಪಿನ ಹಿಂದೆ ಹಸಿರು ಅಕ್ಷರ. ಇನ್ನೊಂದು ಕಿತ್ತಳೆ ಬಣ್ಣದ್ದು, ಗುಂಡಗೆ, ಸಣ್ಣದು." ಹಸಿರು ಅಕ್ಷರದಲ್ಲಿದ್ದ ಹೆಸರನ್ನೂ ಅವನು ಒಂದೊಂದೇ ಅಕ್ಷರವಾಗಿ ಹೇಳಿದ. ಡಾಕ್ಟರು ಒಳಗೆ ಓಡಿದ. ಅಮ್ಮ ತಿರುಗಿ ಗಂಡನನ್ನು ನೋಡಿದಳು. ಇಪ್ಪತ್ತೆರಡು ವರ್ಷ ಜೊತೆಗೆ ಉಂಡವನನ್ನು ಗುರುತಿಲ್ಲದವನ ಹಾಗೆ ನೋಡಿದಳು.

ಗುಂಡಿ ಬದುಕಿದಳು. ಮಾತ್ರೆಯ ಹೆಸರು ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು, ಇನ್ನೊಂದು ಸಲ ಹೀಗಾದರೆ ನಮ್ಮ ಕೈಲಿರುವುದಿಲ್ಲ ಎಂದು ಮೂರನೇ ದಿನ ಡಾಕ್ಟರು ಹೇಳಿ ಕಳಿಸಿದ. ಅಂದಿನಿಂದ ಆ ಮನೆಯಲ್ಲಿ ಎಲ್ಲರ ಕಿವಿಯಲ್ಲೂ ಆ ಮಾತೇ ಗುಂಯ್‌ಗುಡುತ್ತಿತ್ತು. ಇನ್ನೊಂದು ಸಲ.

ಅವಳನ್ನು ಮಲಗಿಸಿ ಬಂದು ಅಮ್ಮ ಚಹಾಕ್ಕೆ ನೀರಿಟ್ಟಳು. ನೀರು ಕುದಿದು ಬತ್ತುತ್ತಿದ್ದರೂ ಪುಡಿ ಹಾಕಲಿಲ್ಲ.

"ಎಷ್ಟು ಸಲ?"

"ಮೂರು" ಎಂದ ಅಪ್ಪ.

"ಮೂರು ಸಲ ಕವರಿಗೆ ಹಾಕಿ, ನಂಬರ್ ಬರೆದು, ಪಿನ್ ಹೊಡೆದು ಕೊಟ್ರಾ? ಏನ್ರೀ, ಗಿರಾಕಿನಾ ಅವಳು?"

"ಕೈ ರೂಢಿ ಕಣೇ."

"ಕೈಗೆ ರೂಢಿ. ಬಾಯಿಗೇನಾಗಿತ್ತು?"

"ಯಾರ ಬಾಯಿಗೆ ಏನಾಯ್ತು?" ಎಂದಳು ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ. ಅವಳಿಗೆ ಎಡಗಿವಿ ಪೂರ್ತಿ ಮಂದ, ಬಲಗಿವಿ ಬೇಕಾದಾಗ ಮಾತ್ರ ಚುರುಕು. "ಹುಣ್ಣಾಗಿದ್ರೆ ಉಪ್ಪುನೀರು ಮುಕ್ಕಳಿಸ್ಲಿ."

"ನಿಮ್ಮ ಮಗನ ಬಾಯಿಗೆ ಅತ್ತೆ. ಬೀಗ ಬಿದ್ದಿತ್ತಂತೆ."

"ಅಪ್ಪಾಜಿ ಹೇಳಿದ್ರಲ್ಲಮ್ಮಾ, ಕೇಳಬಾರದು ಅಂತ" ಎಂದು ಅಪ್ಪ ಅಜ್ಜಿಯ ಕಡೆ ತಿರುಗಿದ. ಐವತ್ತು ದಾಟಿದ ಗಂಡಸು ತಾಯಿಯ ಮುಂದೆ ಚಾಡಿ ಹೇಳುವ ಹುಡುಗನ ಹಾಗೆ ನಿಂತಿದ್ದ.

ಅಜ್ಜಿಯ ಬಲಗಿವಿ ಆಗ ಚುರುಕಾಗಿತ್ತು. "ಅವ್ರು ಹೇಳಿದ್ದು ಊರವರ ಜೇಬಿಗೆ ಕಣೋ, ಪೆದ್ದ" ಎಂದಳು. ಅಪ್ಪ ಎದ್ದು ಒಲೆ ಆರಿಸಿದ. ಆ ದಿನ ಯಾರೂ ಚಹಾ ಕುಡಿಯಲಿಲ್ಲ.

ವಿಶ್ವವಿದ್ಯಾಲಯದ ಲೈಬ್ರರಿಯ ಹಿಂದೆ, ಸೈಕಲ್ ಸ್ಟ್ಯಾಂಡಿಗೆ ಅಂಟಿಕೊಂಡಂತೆ ಒಂದು ಕೊಠಡಿಯಿತ್ತು. ಬಾಗಿಲ ಮೇಲೆ 'ವಿದ್ಯಾರ್ಥಿ ಸಹಾಯ ಕೇಂದ್ರ' ಎಂದು ಬರೆದಿತ್ತು. ಏನು ಸಹಾಯ ಎಂದು ಬರೆದಿರಲಿಲ್ಲ. ಒಳಗೆ ಗೋಡೆಗೊರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಮೇಜಿನ ಹಿಂದೆ ಸದಾ ನೆಗಡಿಯಿಂದ ಮೂಗೊರೆಸಿಕೊಳ್ಳುವ ಕೌನ್ಸೆಲರ್ ಮೇಡಂ. ಅವರು ಸುತ್ತಿ ಬಳಸಿ ಮಾತಾಡುವವರಲ್ಲ.

"ನಿಮ್ಮ ಮಗಳು ತಾನಾಗಿ ಇಲ್ಲಿಗೆ ಬರ್ತಿರೋವರೆಗೂ ಸೀಟಿಗೆ ತೊಂದರೆ ಇಲ್ಲ. ಈ ಸೆಮಿಸ್ಟರ್ ರಜೆ. ಸೋಮವಾರ ನನ್ನ ಹತ್ರ, ಗುರುವಾರ ಬೇರೆ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಬೇಕು. ನಿದ್ದೆ ಮಾತ್ರೆ ಒಂದೇ ಸಲ ನಿಲ್ಲಿಸೋ ಹಾಗಿಲ್ಲ, ಡಾಕ್ಟ್ರು ಬರೆದ ಲೆಕ್ಕದಲ್ಲಿ ಕಮ್ಮಿ ಮಾಡ್ತಾ ಹೋಗ್ಬೇಕು. ಅದು ಮನೆಯವರ ಕೈಯಲ್ಲಿರಲಿ."

"ಮೊದಲು ಯಾಕೆ ತಗೊಂಡ್ಲು, ಅದು ಹೇಳಿ" ಎಂದಳು ಅಮ್ಮ.

ಗುಂಡಿ ತಲೆ ತಗ್ಗಿಸಿಯೇ ಹೇಳಿದಳು. ಕಟ್ಟಡದ ಮಾಡೆಲ್ ಮುಗಿಸಲು ರಾತ್ರಿಯೆಲ್ಲ ಎಚ್ಚರವಿರಬೇಕಿತ್ತು. ಅದಕ್ಕೆ ಕಿತ್ತಳೆ ಮಾತ್ರೆ, ಕ್ಲಾಸಿನಲ್ಲಿ ಅರ್ಧ ಜನ ತಗೊಳ್ಳುತ್ತಿದ್ದರು. ಆಮೇಲೆ ನಿದ್ದೆಯೇ ಬರಲಿಲ್ಲ. ಅದಕ್ಕೆ ಬಿಳಿ ಮಾತ್ರೆ. ಅದೂ ಸಾಲದಾದಾಗ ಬಾಟಲಿ. ಮನೆಯ ನಕ್ಷೆ ವಿವರಿಸುವ ಹಾಗೆ, ಇಲ್ಲಿಂದ ಇಲ್ಲಿಗೆ, ಅಲ್ಲಿಂದ ಅಲ್ಲಿಗೆ ಎಂದು ಹೇಳಿ ಮುಗಿಸಿದಳು. ಅಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತ ಕೂತಿದ್ದ.

ಮನೆಗೆ ಬಂದದ್ದೇ ಅಮ್ಮ ಪೊಲೀಸಾದಳು. ಬಚ್ಚಲಿನ ಚಿಲಕ ಬಿಚ್ಚಿಸಿದಳು. ದಿಂಬಿನ ಹೊಲಿಗೆ ಬಿಚ್ಚಿ ಹತ್ತಿಯಲ್ಲಿ ಕೈಯಾಡಿಸಿ ಮತ್ತೆ ಹೊಲಿದಳು. ಗುಂಡಿ ನೀರು ಕುಡಿದಿಟ್ಟ ಲೋಟವನ್ನು ಮೂಸಿ ನೋಡಿದಳು. ರಾತ್ರಿ ಊಟವಾದ ಮೇಲೆ ಅರ್ಧ ಮಾತ್ರೆ ಕೊಟ್ಟು, "ಆ ಅನ್ನು, ನಾಲಿಗೆ ಎತ್ತು" ಎಂದು ನಿಂತು ನೋಡುತ್ತಿದ್ದಳು. ಮಗಳು ಸ್ನಾನಕ್ಕೆ ಹೋದರೆ ಹೊರಗೆ ನಿಂತು ಚೊಂಬಿನ ಸದ್ದಿಗೆ ಕಿವಿಗೊಡುತ್ತಿದ್ದಳು. ಸದ್ದು ನಿಂತರೆ ಅವಳ ಉಸಿರೂ ನಿಲ್ಲುತ್ತಿತ್ತು.

"ಏನೇ ಮಾಡ್ತಿದೀಯಾ ಒಳಗೆ?"

"ಸೋಪ್ ಹಚ್ಕೊಳ್ತಿದೀನಿ! ಸೋಪ್ ಹಚ್ಚೋವಾಗ ನೀರು ಹಾಕ್ಕೋಬೇಕಾ?"

ಊಟಕ್ಕೆ ಕೂತರೆ ಗುಂಡಿಯ ಕೈ ನಡುಗುತ್ತಿತ್ತು. ಚಮಚ ತಟ್ಟೆಗೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಎಲ್ಲರೂ ಕೇಳಿಸದವರಂತೆ ಅನ್ನ ಕಲೆಸಿಕೊಳ್ಳುತ್ತಿದ್ದರು. ಅಜ್ಜಿಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲವಾದ್ದರಿಂದ ಅವಳೊಬ್ಬಳೇ ಅಲ್ಲಿ ನೆಮ್ಮದಿಯಾಗಿ ಉಣ್ಣುತ್ತಿದ್ದಳು.

ಮೂರನೇ ಸೋಮವಾರ ಮೇಡಂ ಮೂವರನ್ನೂ ಕೂರಿಸಿಕೊಂಡರು. "ಹುಡುಕೋದು ನಿಲ್ಸಿ" ಎಂದರು ಅಮ್ಮನಿಗೆ. "ಕೇಳಿ."

"ಕೇಳಿದ್ರೆ ಸುಳ್ಳು ಹೇಳ್ತಾಳೆ."

"ಹೇಳ್ಲಿ. ನಾಳೆ ಮತ್ತೆ ಕೇಳಿ. ಸರ್, ನೀವೇನೂ ಮಾತಾಡಲೇ ಇಲ್ವಲ್ಲ?"

ಅಪ್ಪ ಅಂಗೈ ಉಜ್ಜಿಕೊಂಡ. ಹಬೆ ತಾಗಿ ತಾಗಿ ಅವನ ಬೆರಳ ತುದಿಗಳು ಸದಾ ನೀರಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿದ್ದವು. "ನನಗೆ ಕೇಳೋಕೆ ಬರಲ್ಲ ಮೇಡಂ. ಕಲೆ ತೆಗಿ ಅಂದ್ರೆ ತೆಗೀತೀನಿ. ಆದ್ರೆ ಕಲೆ ಹೇಗಾಯ್ತು ಅಂತ ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ." ಗುಂಡಿ ತಲೆಯೆತ್ತಿ ಅವನನ್ನೇ ನೋಡಿದಳು.

ನಾಲ್ಕನೇ ವಾರದ ಭಾನುವಾರ ಬೆಳಿಗ್ಗೆ ಅಜ್ಜಿಯ ಮಾತ್ರೆ ಡಬ್ಬಿ ಕಾಣೆಯಾಯಿತು. ಹಳೆಯ ಪೌಡರಿನ ಡಬ್ಬಿ ಅದು. ಬಿಪಿಯದ್ದು, ಮಂಡಿ ನೋವಿನದ್ದು, ನಿದ್ದೆಯದ್ದು ಎಲ್ಲ ಅದರಲ್ಲೇ. ಅಮ್ಮ ನೆಟ್ಟಗೆ ಗುಂಡಿಯ ಕೋಣೆಗೆ ನುಗ್ಗಿದಳು.

"ಎಲ್ಲಿಟ್ಟಿದೀಯಾ? ಕೊಡು."

"ಏನು?"

"ಅಜ್ಜಿ ಡಬ್ಬಿ. ಕೊಡು ಅಂದೆ! ಎಷ್ಟು ನುಂಗಿದೀಯಾ? ಬಾಯಿ ತೆಗಿ!"

"ನಾನು ಮುಟ್ಟಿಲ್ಲಮ್ಮಾ."

"ಮುಖ ನೋಡಿ ಹೇಳು."

"ಹೇಳ್ತಾ ಇದೀನಲ್ಲ, ಮುಟ್ಟಿಲ್ಲ ಅಂತ. ಕೇಳಿ ಅಂದ್ರು ಮೇಡಂ, ನೀನು ಕೇಳ್ತಿಲ್ಲ, ಜಪ್ತಿ ಮಾಡ್ತಿದೀಯಾ." ಗುಂಡಿ ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಬಾಗಿಲು ಹಾಕಿದ ರಭಸಕ್ಕೆ ಗೋಡೆಯ ಗಡಿಯಾರ ಓರೆಯಾಯಿತು.

ಅರ್ಧ ಗಂಟೆಯ ಮೇಲೆ ಅಡುಗೆಗೆಂದು ಅಕ್ಕಿ ಡಬ್ಬದೊಳಗೆ ಪಾವು ಇಳಿಸಿದಾಗ ಅಮ್ಮನ ಕೈಗೆ ಪೌಡರಿನ ಡಬ್ಬಿ ತಾಗಿತು.

"ಅತ್ತೆ! ಇದೇನಿದು?"

"ಅಯ್ಯೋ ನಾನೇ ಇಟ್ಟಿದ್ದು ಕಣಮ್ಮ" ಎಂದಳು ಅಜ್ಜಿ. "ಮಗು ಕೈಗೆ ಸಿಗಬಾರದು ಅಂತ. ಎಲ್ಲಿಟ್ಟೆ ಅನ್ನೋದು ಮರೆತೇ ಹೋಯ್ತು." ಹೇಳುತ್ತ ಹೇಳುತ್ತ ಅವಳ ಮುಖ ಸಣ್ಣದಾಯಿತು. "ಎಲ್ಲಿ ಅವಳು?"

ಅಮ್ಮ ಅಕ್ಕಿಯ ಕೈಯಲ್ಲೇ ನಿಂತುಬಿಟ್ಟಳು. ಫೋನು ಮಾಡಿದರೆ ಅದು ಗುಂಡಿಯ ಹಾಸಿಗೆಯ ಮೇಲೇ ರಿಂಗಾಯಿತು. ಬಸ್ ನಿಲ್ದಾಣಕ್ಕೆ ಓಡಿದಳು, ಔಷಧಿ ಅಂಗಡಿಯಲ್ಲಿ ಕೇಳಿದಳು, ಬೀದಿ ಕೊನೆಯ ಬಾರಿನ ಮುಂದೆ ನಿಂತು ಜೀವನದಲ್ಲಿ ಮೊದಲ ಸಲ ಒಳಗೆ ಇಣುಕಿದಳು. ಎಲ್ಲೂ ಇಲ್ಲ. ಡಾಕ್ಟರು ಹೇಳಿದ ಮಾತು ತಲೆಯೊಳಗೆ ಸುತ್ತುತ್ತಿತ್ತು. ತಾನೇ ಮಗಳನ್ನು ದೂಡಿಬಿಟ್ಟೆನಲ್ಲ ಎಂದು ರಸ್ತೆಯಲ್ಲೇ ಅಳುತ್ತ ನಡೆದಳು. ಎದುರಾದವರು ಸರಿದು ದಾರಿ ಬಿಟ್ಟರು.

ಅಪ್ಪನಿಗೆ ಬೇರೆಲ್ಲೂ ಹುಡುಕಲು ತೋಚಲಿಲ್ಲ. ರಜೆಯ ದಿನ ಮುಚ್ಚಿದ್ದ ಅಂಗಡಿಯ ಹಿಂಬಾಗಿಲಿಗೆ ಹೋದ. ಚಿಲಕ ತೆಗೆದಿತ್ತು. ಪ್ಲಾಸ್ಟಿಕ್ ಹೊದಿಸಿ ನೇತುಹಾಕಿದ ಕೋಟುಗಳ ಸಾಲಿನ ಕೆಳಗೆ ಎರಡು ಕಾಲು ಕಂಡವು. ಕೋಟುಗಳನ್ನು ಎರಡೂ ಕೈಯಿಂದ ಸರಿಸಿದ. ಗುಂಡಿ ನೆಲದ ಮೇಲೆ ಕೂತು, ಹಳೆಯ ಡಬ್ಬಿ ಸುರಿದುಕೊಂಡು, ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಕೈ ನಡುಗಿ ಬಿಳಿಯವು ಕಪ್ಪಿನೊಳಗೆ ಬೀಳುತ್ತಿದ್ದವು.

"ಡಬ್ಬಿ ಸಿಕ್ತಮ್ಮಾ. ಅಕ್ಕಿಯೊಳಗಿತ್ತು. ಅಜ್ಜಿನೇ ಇಟ್ಟಿದ್ಲು."

"ಹೂಂ."

ಅಪ್ಪ ಅವಳ ಪಕ್ಕ ಕೂತ. ತಾನೂ ಗುಂಡಿಗಳನ್ನು ಆರಿಸತೊಡಗಿದ.

"ಅಪ್ಪಾ, ಒಂದು ಕೇಳ್ತೀನಿ. ಆ ಬೂದು ಕೋಟು ನಾನು ಒಗೆಯೋಕೆ ಹಾಕಿದ್ನಲ್ಲ, ಅದು ಕೊಳೆಯಾಗಿತ್ತಾ?"

ಅಪ್ಪನ ಕೈ ನಿಂತಿತು. ಬಟ್ಟೆ ಕೈಗೆ ಬಂದ ಕೂಡಲೇ ಕಾಲರು ಮಗುಚಿ ನೋಡದ ಲಾಂಡ್ರಿಯವನು ಎಲ್ಲಿದ್ದಾನೆ? ಅವನೂ ನೋಡಿದ್ದ. ಕಾಲರಿನಲ್ಲಿ ಗೆರೆಯಿರಲಿಲ್ಲ, ತೋಳಿನ ಅಂಚು ಮಾಸಿರಲಿಲ್ಲ. ಮೂರು ಸಲವೂ. ಹುಡುಗಿ ಎಷ್ಟು ಅಚ್ಚುಕಟ್ಟು ಎಂದುಕೊಂಡಿದ್ದ.

"ಇಲ್ಲ" ಎಂದ.

"ನೀನು ಜೇಬು ನೋಡೇ ನೋಡ್ತೀಯಾ ಅಂತ ಗೊತ್ತಿತ್ತು. ಬಾಯಿಬಿಟ್ಟು ಹೇಳೋಕೆ ಆಗಲಿಲ್ಲ, ಅದಕ್ಕೆ ಇಟ್ಟೆ. ಕವರ್ ಬಂತು. ಕಂಡಿಲ್ಲವೇನೋ ಅನ್ಕೊಂಡು ಬಾಟಲಿ ಇಟ್ಟೆ. ಅದಕ್ಕೂ ಪಿನ್ ಹೊಡೆದು ಕಳಿಸ್ದೆ. ಮೂರನೇ ಸಲ..." ಅವಳು ಒಂದು ಕೆಂಪು ಗುಂಡಿಯನ್ನು ತಿರುಗಿಸುತ್ತ ಕೂತಳು. "ಮೂರನೇ ಸಲ ಅಪ್ಪನಿಗೆ ಗೊತ್ತು, ಆದ್ರೂ ಪರವಾಗಿಲ್ಲ ಅಂತಿದಾನೆ ಅನ್ಕೊಂಡೆ."

ಅಪ್ಪ ಅತ್ತ. ಅವನು ಅಳುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಪ್ಲಾಸ್ಟಿಕ್ ಹೊದಿಸಿದ ಯಾರದೋ ಮದುವೆ ಸೂಟಿನ ಅಂಚು ಹಿಡಿದು ಕಣ್ಣೊರೆಸಿಕೊಳ್ಳಲು ಹೋದ. ಪ್ಲಾಸ್ಟಿಕ್ ಏನು ಒರೆಸುತ್ತದೆ? ಗುಂಡಿ ತನ್ನ ತೋಳು ಚಾಚಿದಳು. ಅಷ್ಟರಲ್ಲಿ ಹಿಂಬಾಗಿಲಿನಿಂದ ಅಮ್ಮ ಬಂದಳು. ಮಗಳನ್ನು ಕಂಡು ಹೊಡೆಯಲು ಕೈ ಎತ್ತಿದವಳು, ಅದೇ ಕೈಯಲ್ಲಿ ಅವಳ ತಲೆ ಹಿಡಿದು ಎದೆಗೆ ಒತ್ತಿಕೊಂಡಳು. "ಡಬ್ಬಿ ನೀನು ತಗೊಂಡಿರ್ಲಿಲ್ಲ ಕಣೇ" ಎಂದಳು, ಅದು ಗುಂಡಿಗೆ ಗೊತ್ತೇ ಇಲ್ಲವೆಂಬಂತೆ.

ಆಮೇಲೆ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬಚ್ಚಲಿಗೆ ಚಿಲಕ ವಾಪಸು ಬಂತು, ಆದರೆ ಅಮ್ಮ ಹೊರಗೆ ನಿಲ್ಲುವುದನ್ನು ಬಿಡಲಿಲ್ಲ. ಚಮಚದ ಟಿಕ್ ಟಿಕ್ ಕಮ್ಮಿಯಾಯಿತು. ಗುರುವಾರದ ಗುಂಪಿನಿಂದ ಬಂದ ದಿನ ಗುಂಡಿ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು. ಅಲ್ಲಿ ಯಾರೂ ಯಾರನ್ನೂ ನೋಡಿ ಹೆದರುವುದಿಲ್ಲ, ಮನೆಗೆ ಬಂದರೆ ಎಲ್ಲರೂ ನನ್ನನ್ನು ಸಿಡಿಯುವ ಸ್ಟವ್ವಿನ ಹಾಗೆ ನೋಡುತ್ತೀರಿ ಎಂದಳು. ಅಪ್ಪ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದ. ತಿಂಡಿಯ ಹೊತ್ತಿಗೆ ಗಂಟಲು ಸರಿಮಾಡಿಕೊಂಡು, "ಮತ್ತೆ... ಹೇಗಿದೆ?" ಎನ್ನುತ್ತಿದ್ದ. ಗುಂಡಿ "ಯಾವುದು?" ಎಂದರೆ, "ಬ್ರೆಡ್ಡು" ಎಂದುಬಿಡುತ್ತಿದ್ದ.

ಏಳನೇ ವಾರದ ಬುಧವಾರ ಅಂಗಡಿಯಲ್ಲಿ ಜನವಿತ್ತು. ವಕೀಲರ ಕರಿಕೋಟು, ನರ್ಸಿನ ಸಮವಸ್ತ್ರ, ನಾಮಕರಣಕ್ಕೆ ಹೊರಟವರ ಸೀರೆ. ಅಪ್ಪ ತಲೆಯೆತ್ತದೆ ಚೀಟಿ ಹಚ್ಚುತ್ತಿದ್ದ. ಸಾಲಿನಲ್ಲಿ ಮುಂದೆ ಬಂದ ಬಟ್ಟೆಯನ್ನು ಎಳೆದುಕೊಂಡ. ಬೂದು ಕೋಟು.

ತಲೆಯೆತ್ತಿದ. ಕೌಂಟರಿನ ಆಚೆ ಗಿರಾಕಿಗಳ ನಡುವೆ ಗುಂಡಿ ನಿಂತಿದ್ದಳು. ಮುಖ ಬಿಳಿಚಿತ್ತು. ಅಪ್ಪ ಜೇಬಿಗೆ ಕೈ ಹಾಕಲಿಲ್ಲ. ಮೊದಲು ಕಾಲರು ಮಗುಚಿದ. ಸ್ವಚ್ಛವಾಗಿತ್ತು. ತೋಳಿನ ಅಂಚು ನೋಡಿದ. ಅದೂ ಸ್ವಚ್ಛ. ಇಷ್ಟು ವರ್ಷದಲ್ಲಿ ಎಂಥೆಂಥ ಕೊಳೆ ಕಂಡಿದ್ದ ಅವನಿಗೆ ಒಂದು ಸ್ವಚ್ಛ ಕಾಲರು ನೋಡಿ ಎದೆ ಧಸಕ್ಕೆಂದಿತು. ಜೇಬಿಗೆ ಕೈ ಹಾಕಿದ. ಬಿಳಿ ಮಾತ್ರೆಯ ಸ್ಟ್ರಿಪ್ಪು. ಒಂದು ಜಾಗ ಖಾಲಿ.

ಎಡಗೈ ತಾನಾಗಿಯೇ ಕಂದು ಕವರಿನ ಕಟ್ಟಿನ ಕಡೆ ಹೋಯಿತು. ಬೆರಳು ಕವರಿಗೆ ತಾಗಿತು ಕೂಡ. ಗುಂಡಿ ಆ ಕೈಯನ್ನೇ ನೋಡುತ್ತಿದ್ದಳು.

ಅಪ್ಪ ಕೈ ಹಿಂದಕ್ಕೆಳೆದುಕೊಂಡ. ಸ್ಟ್ರಿಪ್ಪನ್ನು ಎಲ್ಲರೆದುರಿಗೆ ಕೌಂಟರಿನ ಮೇಲಿಟ್ಟ.

"ಏನಿದು?"

ವಕೀಲರು ಮೂರು ದಶಕದಿಂದ ಇಲ್ಲಿ ಬಟ್ಟೆ ಕೊಡುವವರು. ಈ ಮನುಷ್ಯನ ಬಾಯಲ್ಲಿ ಇಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಮಾತ್ರೆ" ಎಂದಳು ಗುಂಡಿ.

"ಯಾರು ಕೊಟ್ರು?"

"ಕ್ಲಾಸಿನವಳು. ಮುಂದಿನ ಸೆಮಿಸ್ಟರ್ ಫೀಸ್ ಕಟ್ಟೋಕೆ ಹೋಗಿದ್ದೆ, ಸಿಕ್ಕಿದ್ಲು. ನಾನೇ ಕೇಳಿ ಇಸ್ಕೊಂಡೆ."

"ತಗೊಂಡ್ಯಾ?"

"ಒಂದು. ಆಗಲೇ, ಬಸ್ಸಲ್ಲಿ." ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. "ಇನ್ನೊಂದು ಬಿಚ್ತಾ ಇದ್ದೆ. ಭಯ ಆಯ್ತು. ಇಲ್ಲಿಗೆ ಬಂದೆ."

"ನನಗೂ ಭಯ ಆಗ್ತಿದೆ" ಎಂದ ಅಪ್ಪ. "ಕುಡಿದಿದೀಯಾ?"

"ಇಲ್ಲ."

"ನಿಜ ಹೇಳು."

"ನಿಜ ಅಪ್ಪಾ."

ಅಪ್ಪ ಇಸ್ತ್ರಿಯ ಸ್ವಿಚ್ಚು ಆರಿಸಿದ. ಆರಿದೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿದ. "ಎಲ್ಲರೂ ನಾಳೆ ಬನ್ನಿ. ಮಗಳಿಗೆ ಹುಷಾರಿಲ್ಲ" ಎಂದ. ನಾಮಕರಣದವಳು ಸೀರೆ ಇವತ್ತೇ ಬೇಕೆನ್ನಲು ಬಾಯಿ ತೆರೆದಳು. ವಕೀಲರು ಕಣ್ಣಲ್ಲೇ ಅವಳನ್ನು ಸುಮ್ಮನಿರಿಸಿ, ತಾವೇ ಷಟರು ಎಳೆಯಲು ಕೈ ಜೋಡಿಸಿದರು. ಬೀದಿಗೆ ಇಳಿದ ಮೇಲೆ ಅಪ್ಪ ಅಮ್ಮನಿಗೆ ಫೋನು ಮಾಡಿದ. ಮೇಡಂಗೂ ಮಾಡಿದ. ನಿದ್ದೆ ಮಾಡಲು ಬಿಡಬೇಡಿ, ಮಾತಾಡಿಸುತ್ತಲೇ ಕರೆದುಕೊಂಡು ಬನ್ನಿ, ನಾನು ಡಾಕ್ಟರನ್ನು ಕರೆಸುತ್ತೇನೆ ಎಂದರು ಅವರು.

ಬಸ್ಸಿನಲ್ಲಿ ಗುಂಡಿಯನ್ನು ಕಿಟಕಿಯ ಪಕ್ಕ ಕೂರಿಸಿ, ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ಅಪ್ಪ ಕೇಳತೊಡಗಿದ. ಮೊದಲ ಸಲ ತಗೊಂಡಿದ್ದು ಯಾವತ್ತು? ಆವತ್ತು ಊಟ ಏನು ಮಾಡಿದ್ದೆ? ಅತ್ತಿದ್ಯಾ? ಯಾರ ಹತ್ರ ಅತ್ತೆ? ಕೋಟನ್ನು ಬುಟ್ಟಿಗೆ ಹಾಕಿದ್ದು ಬೆಳಿಗ್ಗೆಯಾ, ಸಂಜೆಯಾ? ನಾನು ಆಗ ಮನೆಯಲ್ಲಿದ್ನಾ? ಅವಳ ಕಣ್ಣು ಜೋತುಬಿದ್ದಾಗಲೆಲ್ಲ ಅವನ ದನಿ ಏರುತ್ತಿತ್ತು. ಹಿಂದಿನ ಸೀಟಿನವರು ಕತ್ತು ಚಾಚಿ ನೋಡಿದರು. ಅವನು ಲೆಕ್ಕಕ್ಕಿಡಲಿಲ್ಲ.

"ಅಪ್ಪಾ, ಸಾಕು" ಎಂದಳು ಗುಂಡಿ, ತೊದಲುತ್ತ.

"ಇಲ್ಲಮ್ಮಾ, ಇನ್ನೂ ಕೇಳೋದಿದೆ" ಎಂದ ಅಪ್ಪ. "ಕಣ್ಣು ಬಿಡು."

ಅವಳು ಕಣ್ಣು ಬಿಟ್ಟಳು.